ಒಂದೇ ಪಂಕ್ತಿಯಲ್ಲಿ: ಆದಿ ಸಭೆಯ ನಡೆಯನ್ನು ನಮ್ಮ ಮನೆಗಳಿಗೆ ತರುವ ಬಗೆ

ಕ್ರಿ.ಶ. 313 ರಲ್ಲಿ ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಮಿಲಾನ್ ನಗರದಲ್ಲಿ ಕೂಡಿ ಕ್ರೈಸ್ತರ ಆರಾಧನೆಗೆ ಸ್ವಾತಂತ್ರ್ಯ ಕೊಡಲು ಒಪ್ಪಿಕೊಂಡಾಗ, ಸಭೆಯು ಆಗಲೇ ರೋಮ್ ಸಾಮ್ರಾಜ್ಯದ ಬಹುಪಾಲು ಪ್ರಾಂತಗಳಲ್ಲಿ ಬೇರೂರಿತ್ತು. ಅದಕ್ಕೂ ಹಿಂದಿನ ಸುಮಾರು ಮುನ್ನೂರು ವರ್ಷ ಅದಕ್ಕೆ ರಾಜಾಶ್ರಯವಿರಲಿಲ್ಲ. ಬಹುತೇಕ ಊರುಗಳಲ್ಲಿ ಸ್ವಂತ ಕಟ್ಟಡವಿರಲಿಲ್ಲ. ಹಲವು ಸಲ ಹಿಂಸೆಯೂ ಎದುರಾಯಿತು. ಇದ್ದದ್ದು ಯಾರೋ ಒಬ್ಬ ವಿಶ್ವಾಸಿಯ ಮನೆ, ಗಟ್ಟಿಯಾಗಿ ಓದಲು ಕೆಲವು ಸುರುಳಿಗಳು, ಕೂಡಿ ಉಣ್ಣುವ ಊಟ, ಬಡವರಿಗೆಂದು ಎತ್ತಿಟ್ಟ ಕಾಣಿಕೆ ಮತ್ತು ಪ್ರಾರ್ಥನೆ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದ 42ನೆಯ ವಚನವು ಹೇಳುವುದೂ ಇದನ್ನೇ: ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಮೆಥೋಡಿಸ್ಟ್ ಸಭೆಗಳು ತಲೆಮಾರುಗಳಿಂದ ಇವೆ. ಈ ಭಾಗಕ್ಕಾಗಿ 2005 ರಲ್ಲಿ ಕಥೋಲಿಕ ಧರ್ಮಪ್ರಾಂತ ಸ್ಥಾಪನೆಯಾಯಿತು. ಸಣ್ಣಪುಟ್ಟ ಸ್ವತಂತ್ರ ಸಭೆಗಳೂ ಬೆಳೆದಿವೆ. ಈ ಲೇಖನವು ಇವರಲ್ಲಿ ಯಾರಿಗಾದರೂ ಆಗುವಂತೆ, ಮುಖ್ಯವಾಗಿ ನಾಲ್ಕೈದು ಕುಟುಂಬಗಳು ಸೇರಿ ಒಂದು ವರ್ಷದಲ್ಲಿ ಏನು ಮಾಡಬಹುದು ಎಂಬುದನ್ನು ಹೇಳುತ್ತದೆ. ಭಾನುವಾರದ ಆರಾಧನೆಯನ್ನು ಬಿಟ್ಟು ಬೇರೊಂದು ಸಭೆ ಕಟ್ಟುವ ಉದ್ದೇಶ ಇದರಲ್ಲಿಲ್ಲ. ಸಭಾಪಾಲಕರಿಗೆ ಅಥವಾ ಗುರುಗಳಿಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆ ಮತ್ತು ಆಶೀರ್ವಾದ ಪಡೆದೇ ಮುಂದಿನ ಹೆಜ್ಜೆ ಇಡಬೇಕು.

ಆದಿ ಸಭೆಯವರು ದೇವದೂತರಾಗಿರಲಿಲ್ಲ ಎಂಬುದನ್ನೂ ಆರಂಭದಲ್ಲೇ ಹೇಳಬೇಕು. ಅನನೀಯ ಮತ್ತು ಅವನ ಹೆಂಡತಿ ಹೊಲ ಮಾರಿದ ಹಣದ ವಿಷಯದಲ್ಲಿ ಸುಳ್ಳು ಹೇಳಿದರು. ಕೊರಿಂಥದವರು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋದರು. ಪೌಲ ಮತ್ತು ಬಾರ್ನಬರು ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಅವರ ಬರಹಗಳು ಈ ತಪ್ಪುಗಳನ್ನು ಮುಚ್ಚಿಡಲಿಲ್ಲ. ಅದರಿಂದಲೇ ಅವು ನಮಗೆ ಉಪಯೋಗಕ್ಕೆ ಬರುತ್ತವೆ.

1. ಕೂಡಿ ಕೇಳುವುದರಿಂದ ಆರಂಭಿಸಿರಿ

ಆ ಕಾಲದ ವಿಶ್ವಾಸಿಗಳಲ್ಲಿ ಹೆಚ್ಚಿನವರಿಗೆ ಓದಲು ಬರುತ್ತಿರಲಿಲ್ಲ. ಅಪೊಸ್ತಲರು ಸಭೆಗಳಿಗೆ ಬರೆದ ಪತ್ರಿಕೆಗಳನ್ನು ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಕೊಲೊಸ್ಸೆಯವರಿಗೆ ಬಂದ ಪತ್ರಿಕೆಯನ್ನು ಲವೊದಿಕೀಯದ ಸಭೆಯಲ್ಲಿಯೂ ಓದಿಸಬೇಕೆಂದು ಪೌಲನು ಹೇಳಿದ್ದಾನೆ. ಆದ್ದರಿಂದ ಮನೆಯಲ್ಲಿ ಓದು ಬಾರದ ಅಜ್ಜ ಅಜ್ಜಿಯರಿದ್ದರೆ ಅದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ 28 ಅಧ್ಯಾಯಗಳಿವೆ. ವಾರಕ್ಕೆ ಎರಡರಂತೆ ಓದಿದರೆ ಹದಿನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ಶಾಲೆಗೆ ಹೋಗುವ ಮಗನೋ ಮಗಳೋ ನಿಧಾನವಾಗಿ, ಗಟ್ಟಿಯಾಗಿ ಓದಲಿ. ಓದಿದ ಮೇಲೆ ಮನೆಯ ಹಿರಿಯರೊಬ್ಬರು ಅದನ್ನು ತಮ್ಮ ಆಡುಮಾತಿನಲ್ಲಿ ತಿರುಗಿ ಹೇಳಲಿ. ಹಾಗೆ ತಿರುಗಿ ಹೇಳುವಾಗ ಯಾರಿಗೆ ಏನು ಅರ್ಥವಾಗಿಲ್ಲ ಎಂಬುದು ತಾನಾಗಿ ಹೊರಬೀಳುತ್ತದೆ. ಪ್ರಸಂಗ ಮಾಡಲು ಯಾರೂ ಮುಂದಾಗಬೇಕಿಲ್ಲ. “ಇದರಲ್ಲಿ ಯಾರಿಗೆ ಕಷ್ಟವಿತ್ತು, ಸಭೆ ಏನು ಮಾಡಿತು?” ಎಂಬ ಒಂದೇ ಪ್ರಶ್ನೆಯನ್ನು ಪ್ರತಿ ಅಧ್ಯಾಯಕ್ಕೂ ಕೇಳಿಕೊಂಡರೆ ಸಾಕು.

ಕೃತ್ಯಗಳ ಜೊತೆಗೆ ಇನ್ನೊಂದು ಪುಟ್ಟ ಬರಹವನ್ನು ಸಭಾಪಾಲಕರ ಸಹಾಯದಿಂದ ಪರಿಚಯ ಮಾಡಿಕೊಳ್ಳಬಹುದು. ಅದರ ಹೆಸರು ದಿದಖೆ. ಸುಮಾರು ಒಂದನೆಯ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದಲ್ಲಿ ಸಿದ್ಧವಾದ ಈ ಕೈಪಿಡಿ ಶತಮಾನಗಳ ಕಾಲ ಕಣ್ಮರೆಯಾಗಿತ್ತು. 1873 ರಲ್ಲಿ ಬ್ರಿಯೆನ್ನಿಯೊಸ್ ಎಂಬ ಗ್ರೀಕ್ ಧರ್ಮಾಧ್ಯಕ್ಷರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. 1883 ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದು ಬೈಬಲಿನ ಭಾಗವಲ್ಲ, ಬೈಬಲಿನಷ್ಟು ಅಧಿಕಾರ ಅದಕ್ಕಿಲ್ಲ. ಆದರೆ ದೀಕ್ಷಾಸ್ನಾನ, ಉಪವಾಸ, ಪ್ರಾರ್ಥನೆ, ಅತಿಥಿ ಸತ್ಕಾರಗಳನ್ನು ಆ ದಿನಗಳ ಸಾಮಾನ್ಯ ಸಭೆಯೊಂದು ಹೇಗೆ ನಡೆಸುತ್ತಿತ್ತು ಎಂಬುದನ್ನು ಅದು ನೇರವಾಗಿ ತಿಳಿಸುತ್ತದೆ. ಮುಂದೆ ಕೆಲವು ಕಡೆ ಅದರ ಮಾತು ಬರುತ್ತದೆ.

2. ಮನೆಯ ಬಾಗಿಲು ತೆರೆಯಿರಿ

ಫಿಲಿಪ್ಪಿಯಲ್ಲಿ ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಲುದ್ಯಳು ತನ್ನ ಮನೆಗೆ ಬರಬೇಕೆಂದು ಪೌಲನನ್ನೂ ಅವನ ಸಂಗಡಿಗರನ್ನೂ ಒತ್ತಾಯ ಮಾಡಿದಳು. ಪ್ರಿಸ್ಕಿಲ್ಲ ಮತ್ತು ಅಕ್ವಿಲರ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ಪೌಲನು ವಂದನೆ ಕಳುಹಿಸುತ್ತಾನೆ. ಸಿರಿಯಾದ ದೂರಾ-ಯೂರೋಪೋಸ್ ಎಂಬ ಕೋಟೆಯೂರಿನಲ್ಲಿ ಮೂರನೆಯ ಶತಮಾನದ ಒಂದು ವಾಸದ ಮನೆಯನ್ನೇ ಸ್ವಲ್ಪ ಬದಲಿಸಿ ಆರಾಧನೆಗೆ ಅಣಿಗೊಳಿಸಿದ್ದು ಉತ್ಖನನದಲ್ಲಿ ಸಿಕ್ಕಿದೆ. ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಒಂದು ಮಾಡಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಕಟ್ಟಿದ್ದಾರೆ.

ನಮ್ಮಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ. ಹೊಲದ ಕೆಲಸ, ದಿನಗೂಲಿ ಮುಗಿಸಿ ಬರುವವರಿಗೆ ಹೊಂದುವಂತೆ ಸಂಜೆ ಎಂಟರ ಸುಮಾರಿಗೆ ಸಮಯ ಇಟ್ಟುಕೊಳ್ಳಿರಿ. ಒಂದೇ ಮನೆಯಲ್ಲಿ ಕೂಡದೆ ಪಾಳಿಯ ಮೇಲೆ ಎಲ್ಲರ ಮನೆಗೂ ಹೋಗಿರಿ. ಸಣ್ಣ ಮನೆಯವರು “ನಮ್ಮಲ್ಲಿ ಜಾಗ ಸಾಲದು” ಎಂದು ಸಂಕೋಚಪಟ್ಟರೆ ಅಂಗಳದಲ್ಲೋ ಮಾಳಿಗೆಯ ಮೇಲೋ ಚಾಪೆ ಹಾಸಿ ಕೂಡಿರಿ, ಆದರೆ ಅವರ ಸರದಿಯನ್ನು ಬಿಡಬೇಡಿರಿ. ಒಂದೂವರೆ ಗಂಟೆಗಿಂತ ಹೆಚ್ಚು ಎಳೆಯಬಾರದು. ಬೆಳಗಿನ ಜಾವ ಎದ್ದು ಕೆಲಸಕ್ಕೆ ಹೋಗುವವರಿಗೆ ನಿದ್ದೆ ಬೇಕು. ಧ್ವನಿವರ್ಧಕ ಬೇಡ. ಪಕ್ಕದ ಮನೆಯವರು ಬೇರೆ ಧರ್ಮದವರಾಗಿದ್ದರೆ ಏಕೆ ಕೂಡುತ್ತಿದ್ದೀರಿ ಎಂಬುದನ್ನು ಅವರಿಗೆ ನೀವೇ ಮುಂಚಿತವಾಗಿ ಹೇಳುವುದು ಒಳ್ಳೆಯದು.

3. ಪಂಕ್ತಿಭೇದವನ್ನು ತೆಗೆಯಿರಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆಗೆ ನಿಮ್ಮಲ್ಲಿ ಸಮಯವಿದ್ದರೆ ಇದನ್ನೇ ಹಿಡಿಯಿರಿ ಎಂದು ನಾನು ಹೇಳುತ್ತೇನೆ. ಹಾಡು, ಪ್ರಾರ್ಥನೆ, ಉಪವಾಸ ಎಲ್ಲವೂ ನಮ್ಮ ಸಭೆಗಳಲ್ಲಿ ಧಾರಾಳವಾಗಿವೆ. ಆದಿ ಸಭೆಯಲ್ಲಿದ್ದು ನಮ್ಮಲ್ಲಿ ಕಡಿಮೆಯಾಗಿರುವುದು ಕೂಡಿ ಉಣ್ಣುವುದು.

ಕೊರಿಂಥದಲ್ಲಿ ನಡೆದದ್ದನ್ನು ಪೌಲನು ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಅಲ್ಲಿ ಕರ್ತನ ಭೋಜನವು ನಿಜವಾದ ಊಟದ ಜೊತೆಗೇ ನಡೆಯುತ್ತಿತ್ತು. ಅನುಕೂಲವಂತರು ಬೇಗ ಬಂದು ತಮ್ಮ ಬುತ್ತಿ ಬಿಚ್ಚಿ ಉಂಡು ಮುಗಿಸುತ್ತಿದ್ದರು. ಏನೂ ಇಲ್ಲದವರು ಹಸಿದೇ ಇರುತ್ತಿದ್ದರು. ಆ ಕಾಲದ ದೊಡ್ಡ ಮನೆಗಳ ಊಟದ ಕೋಣೆಯಲ್ಲಿ ಒಂಬತ್ತು ಹತ್ತು ಜನರಷ್ಟೇ ಒರಗಿ ಉಣ್ಣಬಹುದಾಗಿದ್ದರಿಂದ, ಮನೆಯೊಡೆಯನ ಗೆಳೆಯರು ಒಳಗೂ ಆಳುಗಳು ಮತ್ತು ಕೂಲಿಯವರು ಹೊರಗಿನ ಅಂಗಳದಲ್ಲೂ ಕೂಡುತ್ತಿದ್ದಿರಬೇಕೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಪೌಲನು ಇದನ್ನು ಸಣ್ಣ ಶಿಸ್ತಿನ ಲೋಪವೆಂದು ಬಿಡಲಿಲ್ಲ. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲವೆಂದು ಹೇಳಿದನು, ಇಲ್ಲದವರನ್ನು ನಾಚಿಸುವುದು ದೇವರ ಸಭೆಯನ್ನು ಹೀನೈಸುವುದೆಂದು ಗದರಿಸಿದನು, ಕೊನೆಗೆ ಒಬ್ಬರಿಗೊಬ್ಬರು ಕಾದುಕೊಳ್ಳಿರಿ ಎಂಬ ಅತ್ಯಂತ ಸರಳವಾದ ಅಪ್ಪಣೆ ಕೊಟ್ಟನು.

ಅಂತಿಯೋಕ್ಯದಲ್ಲಿಯೂ ಇಂಥದ್ದೇ ನಡೆಯಿತು. ಯೆಹೂದ್ಯರಲ್ಲದ ವಿಶ್ವಾಸಿಗಳ ಸಂಗಡ ಉಣ್ಣುತ್ತಿದ್ದ ಪೇತ್ರನು ಯೆರೂಸಲೇಮಿನಿಂದ ಕೆಲವರು ಬಂದೊಡನೆ ಅವರಿಗೆ ಅಂಜಿ ಪಂಕ್ತಿಯಿಂದ ಹಿಂದೆ ಸರಿದನು. ಪೌಲನು ಎಲ್ಲರ ಎದುರಿಗೇ ಪೇತ್ರನನ್ನು ಆಕ್ಷೇಪಿಸಿದನು. ಇದು ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿದೆ. ಪ್ರಧಾನ ಅಪೊಸ್ತಲನ ತಪ್ಪನ್ನು ಬಹಿರಂಗವಾಗಿ ಹೇಳಬೇಕಾಗುವಷ್ಟು ಊಟದ ಸಾಲು ಸುವಾರ್ತೆಯ ವಿಷಯವಾಗಿತ್ತು.

ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ನಮ್ಮ ಹಿರಿಯರಲ್ಲಿ ಬಹಳ ಮಂದಿ ಊರ ಹೊರಗಿನ ಕೇರಿಗಳಲ್ಲಿ ಬದುಕಿ, ಬೇರೆ ಲೋಟದಲ್ಲಿ ಚಹಾ ಕುಡಿದು, ಬಾವಿಕಟ್ಟೆಯಿಂದ ದೂರ ನಿಂತವರು. ಹನ್ನೆರಡನೆಯ ಶತಮಾನದಲ್ಲಿ ಇದೇ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಶರಣರು ದಾಸೋಹದ ಮೂಲಕ ಈ ಭೇದವನ್ನೇ ಮುರಿಯಲು ನಿಂತರು. ಇಂಥ ನೆಲದಲ್ಲಿರುವ ಸಭೆಯೊಳಗೆ ಯಾರ ಮನೆಯಲ್ಲಿ ಉಣ್ಣಬಹುದು, ಯಾರ ಮನೆಯಲ್ಲಿ ನೀರಷ್ಟೇ ಕುಡಿಯಬಹುದು ಎಂಬ ಲೆಕ್ಕಾಚಾರ ಉಳಿದಿದ್ದರೆ, ಪೌಲನ ಆ ಮಾತು ನಮಗೂ ಅನ್ವಯಿಸುತ್ತದೆ.

ಕ್ರಮ ಹೀಗಿರಲಿ. ತಿಂಗಳಿಗೊಮ್ಮೆ, ಮನೆಕೂಟದ ದಿನವೇ, ಎಲ್ಲರೂ ತಮ್ಮಲ್ಲಿದ್ದದ್ದನ್ನು ತರುವ ಊಟ ಇಟ್ಟುಕೊಳ್ಳಿರಿ. ಒಬ್ಬರು ಜೋಳದ ರೊಟ್ಟಿ, ಒಬ್ಬರು ಪುಂಡಿಪಲ್ಯ, ಇನ್ನೊಬ್ಬರು ಶೇಂಗಾಹಿಂಡಿ, ಮತ್ತೊಬ್ಬರು ಬರೀ ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ತಂದರೂ ಆಗುತ್ತದೆ. ತಂದದ್ದನ್ನೆಲ್ಲ ಬಾಗಿಲಲ್ಲೇ ಒಟ್ಟಿಗೆ ಕೂಡಿಸಿಬಿಡಿ. ಯಾರ ಡಬ್ಬಿ ಯಾರದೆಂದು ಗುರುತು ಉಳಿಯಬಾರದು. ಏನೂ ತರಲಾಗದವರು ಬರಿಗೈಯಲ್ಲಿ ಬಂದುದು ಯಾರಿಗೂ ತಿಳಿಯದಂತಾಗುವುದು ಇದರಿಂದಲೇ. ಮಾಂಸದ ವಿಷಯದಲ್ಲಿ ಯಾರಿಗಾದರೂ ಅಳುಕಿದ್ದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಂತೆ ಆ ದಿನ ಅದನ್ನು ಬಿಡುವುದೇ ಪ್ರೀತಿ.

ನೆಲದ ಮೇಲೆ ಒಂದೇ ಉದ್ದನೆಯ ಸಾಲು ಹಾಕಿರಿ. ಹಿರಿಯರಿಗೆ ಕುರ್ಚಿ ಬೇಕಾದರೆ ಮೊಣಕಾಲು ನೋವಿರುವವರಿಗಷ್ಟೇ ಕೊಡಿರಿ, ಅಧಿಕಾರ ನೋಡಿ ಕೊಡಬೇಡಿರಿ; ಬಂಗಾರದ ಉಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ಜಾಗ ಎಂಬ ಪಕ್ಷಪಾತವನ್ನು ಯಾಕೋಬನ ಪತ್ರಿಕೆಯು ಖಂಡಿಸಿದೆ. ಕೆಲಸದಿಂದ ತಡವಾಗಿ ಬರುವವರಿಗಾಗಿ ಕಾಯಿರಿ. ಎಂಟೂಕಾಲಾದರೂ ಬಾರದಿದ್ದರೆ ಒಬ್ಬ ಹುಡುಗನನ್ನು ಕಳುಹಿಸಿ ಕೇಳಿಸಿರಿ.

ನಮ್ಮಲ್ಲಿ ಯಾರೂ ಗಮನಿಸದ ಪಂಕ್ತಿಭೇದ ಇನ್ನೊಂದಿದೆ. ಊಟಕ್ಕೆ ಕೂಡುವಾಗ ಗಂಡಸರು ಮತ್ತು ಮಕ್ಕಳು ಸಾಲಿನಲ್ಲಿರುತ್ತಾರೆ. ಅಡುಗೆ ಮಾಡಿದ ಅಕ್ಕತಂಗಿಯರು ಬುಟ್ಟಿ ಹಿಡಿದು ನಿಂತಿರುತ್ತಾರೆ. ಕರೆದರೆ “ನೀವು ಉಣ್ರಿ, ನಾವು ಆಮ್ಯಾಲ ಉಣ್ತೀವಿ” ಎನ್ನುತ್ತಾರೆ. ಆ ಹೊತ್ತಿಗೆ ಬುಟ್ಟಿಯ ತಳದಲ್ಲಿ ಮುರಿದ ರೊಟ್ಟಿಯ ಚೂರುಗಳೂ ಪಾತ್ರೆಯಲ್ಲಿ ಹುಳಿನೀರೂ ಉಳಿದಿರುತ್ತವೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬಡಿಸುವ ಕೆಲಸವನ್ನು ಪಾಳಿಯ ಮೇಲೆ ಇಬ್ಬರು ಗಂಡಸರಿಗೆ ಕೊಡಿರಿ, ಅವರಲ್ಲಿ ಒಬ್ಬರು ಸಭೆಯ ಹಿರಿಯರೇ ಆಗಿರಲಿ. ರೊಟ್ಟಿಯನ್ನು ಸಾಲಿನ ಕೊನೆಯಿಂದ ಬಡಿಸಲು ಆರಂಭಿಸಲಿ. ಮೊದಲ ತಿಂಗಳು ಎಲ್ಲರಿಗೂ ಮುಜುಗರವಾಗುತ್ತದೆ; ಮೂರನೆಯ ತಿಂಗಳಿಗೆ ಅದು ವಾಡಿಕೆಯಾಗುತ್ತದೆ. ಮದುವೆ, ಸೀಮಂತ, ಮಣ್ಣಿನ ಊಟಗಳಿಗೂ ಇದೇ ಕ್ರಮ ಮುಂದುವರಿಯಬೇಕೆಂದು ಆಗಲೇ ಮಾತಾಡಿಕೊಳ್ಳಿರಿ, ಏಕೆಂದರೆ ಪ್ರಾರ್ಥನೆಯ ದಿನ ಕೂಡಿ ಉಂಡವರು ಮದುವೆಯ ಪಟ್ಟಿ ಬರೆಯುವಾಗ ಬೇರೆಯಾಗುವುದನ್ನು ನಾವು ನೋಡುತ್ತಲೇ ಇದ್ದೇವೆ.

4. ಭೋಜನಕ್ಕೆ ಮುಂಚೆ ರಾಜಿಯಾಗಿರಿ

ದಿದಖೆಯ 14ನೆಯ ಅಧ್ಯಾಯವು ಕರ್ತನ ದಿನದಂದು ಕೂಡಿ ರೊಟ್ಟಿ ಮುರಿಯುವ ಮುಂಚೆ ತಪ್ಪುಗಳನ್ನು ಅರಿಕೆ ಮಾಡಬೇಕು, ಜೊತೆಗಾರನೊಡನೆ ವ್ಯಾಜ್ಯವಿರುವವನು ರಾಜಿಯಾಗುವ ತನಕ ಕೂಟದಲ್ಲಿ ಸೇರಬಾರದು ಎಂದು ಹೇಳುತ್ತದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂಬ ಯೇಸುವಿನ ಮಾತೇ ಇದರ ಬೇರು.

ನಮ್ಮ ಹಳ್ಳಿಗಳಲ್ಲಿ ಜಗಳದ ಕಾರಣಗಳು ಬಹುಮಟ್ಟಿಗೆ ಗೊತ್ತಿರುವಂಥವೇ: ಹೊಲದ ಬದು, ಅಣ್ಣತಮ್ಮಂದಿರ ಪಾಲು, ತಿರುಗಿ ಬಾರದ ಕೈಸಾಲ, ಮುರಿದ ಸಂಬಂಧದ ಮಾತು. ಪರಿಶುದ್ಧ ಭೋಜನಕ್ಕೆ ಒಂದು ವಾರ ಮುಂಚೆ ಅದರ ದಿನವನ್ನು ಪ್ರಕಟಿಸಿ, ಆ ವಾರವನ್ನು ಇದಕ್ಕೇ ಮೀಸಲಿಡಿರಿ. ಮತ್ತಾಯನ 18ನೆಯ ಅಧ್ಯಾಯದ ಕ್ರಮವನ್ನು ತಪ್ಪಿಸಬಾರದು. ಮೊದಲು ಇಬ್ಬರೇ ಕೂಡಿ ಮಾತಾಡಬೇಕು; ಆಗದಿದ್ದರೆ ಇಬ್ಬರಿಗೂ ಬೇಕಾದ ಒಬ್ಬಿಬ್ಬರು ಹಿರಿಯರನ್ನು ಕರೆದುಕೊಂಡು ಹೋಗಬೇಕು; ಸಭೆಯ ಮುಂದೆ ತರುವುದು ಕೊನೆಯ ದಾರಿ. ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಈ ಕ್ರಮದಲ್ಲಿ ಎಲ್ಲಿಯೂ ಬರುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳದೆ ಇರಲಾಗದು. ಹೆಂಡತಿಗೆ ಹೊಡೆಯುವುದು, ಮಕ್ಕಳ ಮೇಲಿನ ದೌರ್ಜನ್ಯ, ಇಂಥವು ರಾಜಿಯಾಗುವ ವ್ಯಾಜ್ಯಗಳಲ್ಲ. ಅಲ್ಲಿ ನೊಂದವರ ರಕ್ಷಣೆ ಮೊದಲು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಪೊಲೀಸರು, ವೈದ್ಯರು ಬೇಕಾಗುತ್ತಾರೆ. “ಕ್ಷಮಿಸಿಬಿಡು ತಾಯಿ” ಎಂದು ಆಕೆಯನ್ನೇ ತಿರುಗಿ ಅದೇ ಮನೆಗೆ ಕಳುಹಿಸುವುದನ್ನು ಸುವಾರ್ತೆಯ ಹೆಸರಿನಲ್ಲಿ ಮಾಡಬಾರದು.

5. ಸಭೆಯ ಪೆಟ್ಟಿಗೆ ಮತ್ತು ಲೆಕ್ಕದ ಪುಸ್ತಕ

ರೋಮಿನಲ್ಲಿದ್ದ ಹುತಾತ್ಮ ಜಸ್ಟಿನ್ ಸುಮಾರು 155 ರಲ್ಲಿ ಕ್ರೈಸ್ತರ ಪರವಾಗಿ ಬರೆದ ಸಮರ್ಥನೆಯಲ್ಲಿ ಭಾನುವಾರದ ಕೂಟದ ಕ್ರಮ ಪೂರ್ತಿಯಾಗಿದೆ. ಅಪೊಸ್ತಲರ ಮತ್ತು ಪ್ರವಾದಿಗಳ ಬರಹಗಳ ಓದು, ಉಪದೇಶ, ಎದ್ದುನಿಂತು ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ, ಬರಲಾಗದವರ ಮನೆಗೆ ಅವರ ಪಾಲನ್ನು ಸಭಾಸೇವಕರು ಒಯ್ಯುವುದು. ಆಮೇಲೆ ಉಳ್ಳವರು ತಮಗೆ ಮನಸ್ಸು ಬಂದಷ್ಟು ಕೊಡುವುದು. ಆ ಹಣದಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದಿಂದ ಬಂದವರು ಇವರಿಗೆ ನೆರವಾಗುವುದು. ಕಾರ್ಥೇಜಿನ ತೆರ್ತುಲ್ಲಿಯನ್ ಸುಮಾರು 197 ರಲ್ಲಿ ಬರೆದ ತನ್ನ ಸಮರ್ಥನೆಯಲ್ಲಿ, ತಿಂಗಳಿಗೊಮ್ಮೆ ಯಾರ ಬಲವಂತವೂ ಇಲ್ಲದೆ ಕೂಡುವ ಆ ನಿಧಿಯಿಂದ ಬಡವರ ಅಂತ್ಯಕ್ರಿಯೆಯನ್ನೂ ನಡೆಸುತ್ತಿದ್ದರೆಂದು ಹೇಳುತ್ತಾನೆ.

ನಿಮ್ಮ ನಾಲ್ಕೈದು ಕುಟುಂಬಗಳು ಇದನ್ನು ಸಣ್ಣದಾಗಿ ಮಾಡಬಹುದು. ಪೌಲನು ಕೊರಿಂಥದವರಿಗೆ ಹೇಳಿದಂತೆ ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಎತ್ತಿಡಲಿ. ಹತ್ತು ರೂಪಾಯಿಯೂ ಆಗಲಿ, ರೊಟ್ಟಿ ಬಡಿಯುವ ಮುಂಚೆ ಎತ್ತಿಟ್ಟ ಒಂದು ಹಿಡಿ ಜೋಳವೂ ಆಗಲಿ. ಇದು ಚರ್ಚಿನ ಸಾಮಾನ್ಯ ಕಾಣಿಕೆಯನ್ನು ಕಡಿಮೆ ಮಾಡಿ ಕೊಡುವ ಹಣವಲ್ಲ.

ಲೆಕ್ಕದಲ್ಲಿ ಕಟ್ಟುನಿಟ್ಟಾಗಿರಿ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ದೊಡ್ಡ ಮೊತ್ತವನ್ನು ಪೌಲನು ತಾನೊಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾಗಿರಬೇಕೆಂದು, ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡನು. ಅಪೊಸ್ತಲನೇ ಅಷ್ಟು ಜಾಗ್ರತೆ ವಹಿಸಿದ್ದರೆ ನಾವು “ನಂಬಿಕೆಯ ಮೇಲೆ” ಹಣ ಒಬ್ಬರ ಕೈಗೆ ಕೊಡುವುದು ಭಕ್ತಿಯಲ್ಲ. ಇಬ್ಬರು ಕೂಡಿ ಎಣಿಸಲಿ, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಡಬ್ಬಿ ಒಬ್ಬರ ಮನೆಯಲ್ಲಿದ್ದರೆ ಕೀಲಿಕೈ ಇನ್ನೊಬ್ಬರ ಮನೆಯಲ್ಲಿರಲಿ. ನೋಟ್‌ಬುಕ್ಕಿನಲ್ಲಿ ತಾರೀಖು, ಬಂದದ್ದು, ಹೋದದ್ದು, ಉಳಿದದ್ದು ಎಂಬ ನಾಲ್ಕು ಕಲಮುಗಳಿರಲಿ. ತಿಂಗಳ ಕೂಟದಲ್ಲಿ ಅದನ್ನು ಗಟ್ಟಿಯಾಗಿ ಓದಿರಿ. ಪಡೆದವರ ಹೆಸರನ್ನು ಮಾತ್ರ ಓದಬಾರದು. “ಆಸ್ಪತ್ರೆಯ ಖರ್ಚಿಗೆ”, “ಶಾಲೆಯ ಪುಸ್ತಕಕ್ಕೆ” ಎಂದಷ್ಟೇ ಬರೆದರೆ ಸಾಕು.

ಈ ಹಣವನ್ನು ಸಾಲವಾಗಿ ಕೊಡಬೇಡಿರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನಮ್ಮ ಹೆಣ್ಣುಮಕ್ಕಳು ಸಂಘದ ಸಾಲದ ವಾರದ ಕಂತಿಗೆ ಆಗಲೇ ಹೈರಾಣಾಗಿದ್ದಾರೆ. ಸಭೆಯೂ ಸಾಲ ಕೊಟ್ಟವರ ಜಾಗದಲ್ಲಿ ನಿಂತರೆ, ತೀರಿಸಲಾಗದವರು ನಾಚಿಕೆಯಿಂದ ಪ್ರಾರ್ಥನೆಗೇ ಬರುವುದನ್ನು ಬಿಡುತ್ತಾರೆ. ಕೊಡುವುದಾದರೆ ಕೊಟ್ಟುಬಿಡಿ. ಪೆಟ್ಟಿಗೆಯಲ್ಲಿ ಇನ್ನೂರೇ ಇದ್ದರೆ ಇನ್ನೂರೇ ಕೊಡಿರಿ.

ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರ ಆಯ್ಕೆಗೂ ಕೃತ್ಯಗಳ ಆರನೆಯ ಅಧ್ಯಾಯವೇ ದಾರಿ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ವಿಶ್ವಾಸಿಗಳು ಗುಣುಗುಟ್ಟಿದರು. ಆಗ ಆರಿಸಿದ ಏಳು ಜನರ ಹೆಸರುಗಳನ್ನು ನೋಡಿರಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಯಾವ ಕಡೆಯಿಂದ ಬಂತೋ ಆ ಕಡೆಯವರ ಕೈಗೇ ಹಂಚುವ ಕೆಲಸವನ್ನು ಒಪ್ಪಿಸಿದಂತೆ ಕಾಣುತ್ತದೆ. ನಿಮ್ಮಲ್ಲಿ ಯಾವ ಓಣಿಯವರು, ಯಾವ ಮನೆತನದವರು “ನಮ್ಮನ್ನು ಕೇಳುವವರಿಲ್ಲ” ಎನ್ನುತ್ತಿದ್ದಾರೋ, ಅವರಲ್ಲೇ ಒಬ್ಬರನ್ನು ಈ ಜವಾಬ್ದಾರಿಗೆ ಆರಿಸಿರಿ.

6. ಬಂದುಹೋಗುವ ಬೋಧಕರನ್ನು ಪರೀಕ್ಷಿಸಿರಿ

ದಿದಖೆಯ 11 ಮತ್ತು 12ನೆಯ ಅಧ್ಯಾಯಗಳು ಇಂದು ಬರೆದಂತಿವೆ. ಊರೂರು ಸುತ್ತುವ ಬೋಧಕನನ್ನು ಕರ್ತನಂತೆಯೇ ಬರಮಾಡಿಕೊಳ್ಳಬೇಕು. ಆದರೆ ಅವನು ಒಂದು ದಿನ, ಅಗತ್ಯವಿದ್ದರೆ ಎರಡನೆಯ ದಿನ ಇರಬಹುದು. ಮೂರು ದಿನ ನಿಂತರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದ ತನಕ ಸಾಲುವಷ್ಟು ರೊಟ್ಟಿ ಕೊಡಬಹುದು. ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ಮಾತಾಡುವವರೆಲ್ಲರೂ ಪ್ರವಾದಿಗಳಲ್ಲ, ಕರ್ತನ ನಡತೆ ಯಾರಲ್ಲಿದೆಯೋ ಅವರೇ ಪ್ರವಾದಿಗಳು.

ದಿನಗಳ ಲೆಕ್ಕವನ್ನು ನಾವು ಅಕ್ಷರಶಃ ಹಿಡಿಯಬೇಕಾಗಿಲ್ಲ, ಆದರೆ ಆ ಜಾಣತನ ನಮಗೆ ಬೇಕು. ಹೊರಗಿನಿಂದ ಬರುವವರ ಬಗ್ಗೆ ಅವರ ಸ್ವಂತ ಊರಿನ ಸಭೆಯನ್ನು ಫೋನಿನಲ್ಲಿ ವಿಚಾರಿಸಿರಿ. ದೊಡ್ಡ ಮೊತ್ತ “ಬಿತ್ತಿದರೆ” ಇಂತಿಷ್ಟು ಪಟ್ಟು ಬರುತ್ತದೆ ಎನ್ನುವವರಿಗೂ, ಎಣ್ಣೆಯ ಬಾಟಲಿಗೆ ಬೆಲೆ ಹೇಳುವವರಿಗೂ, ಒಂಟಿ ಹೆಣ್ಣುಮಗಳ ಮನೆಗೆ ಒಬ್ಬರೇ ಹೋಗಿ ಪ್ರಾರ್ಥಿಸುತ್ತೇನೆ ಎನ್ನುವವರಿಗೂ ವಿನಯದಿಂದಲೇ ಬೇಡವೆನ್ನಿರಿ. ಔಷಧ ನಿಲ್ಲಿಸಿ ಎನ್ನುವವರನ್ನು ಆ ಕ್ಷಣವೇ ತಡೆಯಿರಿ.

7. ರೋಗಿಗಳ ಬಳಿ ಇರಿ

ಮೂರನೆಯ ಶತಮಾನದ ನಡುವೆ ರೋಮ್ ಸಾಮ್ರಾಜ್ಯದಲ್ಲಿ ಹಲವು ವರ್ಷ ಮಹಾಮಾರಿ ಹಬ್ಬಿತು. ಅಲೆಕ್ಸಾಂದ್ರಿಯದ ಬಿಷಪ್ ದಿಯೊನಿಸಿಯ ಬರೆದ ಪತ್ರವೊಂದನ್ನು ಇತಿಹಾಸಕಾರ ಯೂಸೇಬಿಯ ಉಳಿಸಿದ್ದಾನೆ. ಜನ ತಮ್ಮವರನ್ನೇ ಬೀದಿಗೆ ಹಾಕಿ ಓಡುತ್ತಿದ್ದಾಗ ವಿಶ್ವಾಸಿಗಳಲ್ಲಿ ಹಲವರು ರೋಗಿಗಳ ಬಳಿಯೇ ಉಳಿದು ಆರೈಕೆ ಮಾಡಿದರು, ಅವರಲ್ಲಿ ಅನೇಕರು ಅದೇ ರೋಗದಿಂದ ಸತ್ತರು ಎಂದು ಅದರಲ್ಲಿದೆ. ಕಾರ್ಥೇಜಿನಲ್ಲಿ ಬಿಷಪ್ ಸಿಪ್ರಿಯನ್ ತಮ್ಮವರಿಗಷ್ಟೇ ಒಳ್ಳೆಯದನ್ನು ಮಾಡಿದರೆ ಸಾಲದೆಂದು ಸಭೆಗೆ ಬೋಧಿಸಿದನು. ಸ್ವಲ್ಪ ಹಿಂದೆಯೇ ವಿಶ್ವಾಸಿಗಳನ್ನು ಹಿಂಸಿಸಿದ ಊರದು.

ನಾವು ಮಾಡಬೇಕಾದದ್ದು ಅಷ್ಟು ಅಪಾಯದ್ದಲ್ಲ. ರೋಗಿಯ ಜೊತೆಗೆ ಕಲಬುರಗಿಯ ಜಿಮ್ಸ್ ಅಥವಾ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸುವುದು, ಅರ್ಜಿ ಓದಿ ಹೇಳುವುದು, ರಾತ್ರಿ ಕಾವಲಿಗೆ ಪಾಳಿ ಹಾಕಿಕೊಳ್ಳುವುದು, ಮನೆಯಲ್ಲಿ ಉಳಿದ ಮಕ್ಕಳಿಗೆ ಉಣ್ಣಲಿಕ್ಕಿಡುವುದು. ಕ್ಷಯರೋಗದ ಗುಳಿಗೆಗಳನ್ನು ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅವು ಉಚಿತ. ಎರಡು ತಿಂಗಳಿಗೇ ಹಗುರೆನಿಸಿ ಬಿಟ್ಟರೆ ರೋಗ ಇನ್ನೂ ಹಟಮಾರಿಯಾಗಿ ತಿರುಗಿ ಬರುತ್ತದೆ. ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ಅದೇ ಹಿರಿಯರು ಗುಳಿಗೆ ನುಂಗಿದಿರೇನೆಂದೂ ಕೇಳಲಿ. ಊರಿನ ಆಶಾ ಕಾರ್ಯಕರ್ತೆಯ ನಂಬರು ಕೂಟದ ಪ್ರತಿಯೊಬ್ಬರ ಬಳಿ ಇರಬೇಕು.

ನೆರವು ಕೊಡುವಾಗ ಜಾತಿ ಧರ್ಮ ಕೇಳಬಾರದು, ನೆರವಿಗೆ ಪ್ರತಿಯಾಗಿ ಪ್ರಾರ್ಥನೆಗೆ ಬನ್ನಿ ಎಂದೂ ಹೇಳಬಾರದು. ಹಳೆಯ ದೇವತೆಗಳ ಪೂಜೆಯನ್ನು ತಿರುಗಿ ಜಾರಿಗೆ ತರಲು ಹೊರಟ ಚಕ್ರವರ್ತಿ ಜೂಲಿಯನ್‌ನ ಹೆಸರಿನಲ್ಲಿ ಉಳಿದಿರುವ ಪತ್ರವೊಂದು, ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಲ್ಲದೆ ನಮ್ಮವರನ್ನೂ ಸಾಕುತ್ತಿದ್ದಾರೆ ಎಂದು ಕೊರಗುತ್ತದೆ. ವಿರೋಧಿಯ ಬಾಯಲ್ಲಿ ಬಂದ ಸಾಕ್ಷಿ ಅದು.

8. ಕೆಲಸ, ಮಾತು, ಪ್ರಾರ್ಥನೆಯ ಹೊತ್ತು

ಸುಮಾರು 112 ರಲ್ಲಿ ಬಿಥುನ್ಯದ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ ಕ್ರೈಸ್ತರ ಬಗ್ಗೆ ತಾನು ವಿಚಾರಣೆಯಿಂದ ತಿಳಿದುಕೊಂಡದ್ದನ್ನು ವರದಿ ಮಾಡುತ್ತಾನೆ. ಗೊತ್ತಾದ ದಿನ ನಸುಕಿನಲ್ಲಿ ಕೂಡಿ ಕ್ರಿಸ್ತನಿಗೆ ಹಾಡುತ್ತಾರೆ. ಕದಿಯುವುದಿಲ್ಲ, ಸುಲಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟದ್ದನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ ಎಂದು ಪ್ರಮಾಣ ಮಾಡುತ್ತಾರೆ. ಈ ಪ್ರಮಾಣವನ್ನು ಮನೆಕೂಟದಲ್ಲಿ ಒಂದೊಂದಾಗಿ ತೆಗೆದುಕೊಂಡು ನಮ್ಮ ಕೆಲಸಕ್ಕೆ ಹಚ್ಚಿ ನೋಡಿರಿ. ತೊಗರಿ ಅಳೆಯುವವನ ತಕ್ಕಡಿ, ಗುತ್ತಿಗೆದಾರನ ಹಾಜರಿ ಪುಸ್ತಕ, ಮನೆ ಕಟ್ಟುವ ಮೇಸ್ತ್ರಿಯ ಸಿಮೆಂಟಿನ ಪ್ರಮಾಣ, ತಂಗಿಯ ಪಾಲಿನ ಹೊಲ, ಗೆಳೆಯ ಇಟ್ಟುಹೋದ ಹಣ.

ಪ್ರಾರ್ಥನೆಗೆ ದಿದಖೆ ಹೇಳುವುದು ಬಹಳ ಸರಳ: ದಿನಕ್ಕೆ ಮೂರು ಸಲ ಕರ್ತನು ಕಲಿಸಿದ ಪ್ರಾರ್ಥನೆ, ಬುಧವಾರ ಮತ್ತು ಶುಕ್ರವಾರ ಉಪವಾಸ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಬಾಣಂತಿಯರು ಉಪವಾಸ ಮಾಡಬಾರದು. ಬಿಸಿಲಲ್ಲಿ ದುಡಿಯುವವರು ಏಪ್ರಿಲ್ ಮೇ ತಿಂಗಳಲ್ಲಿ ನೀರು ಬಿಡಬಾರದು. ಉಪವಾಸದಿಂದ ಉಳಿದ ಒಂದು ಊಟದ ಖರ್ಚು ಪೆಟ್ಟಿಗೆಗೆ ಹೋಗಲಿ.

9. ಗುಳೆ ಹೋಗುವವರನ್ನು ಕೈಬಿಡಬೇಡಿರಿ

ಸುಗ್ಗಿ ಮುಗಿದ ಮೇಲೆ ನಮ್ಮ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರು ಎಂದು ಜನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಹೋದವರು ಸಭೆಯ ಲೆಕ್ಕದಿಂದಲೂ ಮರೆಯಾಗುತ್ತಾರೆ. ಆದಿ ಸಭೆಯಲ್ಲಿ ಇಂಥವರೇ ಸುವಾರ್ತೆಯನ್ನು ಊರೂರಿಗೆ ಒಯ್ದರು. ಕ್ಲೌದ್ಯ ಚಕ್ರವರ್ತಿಯ ಆಜ್ಞೆಯಿಂದ ರೋಮ್ ಬಿಡಬೇಕಾಗಿ ಬಂದ ಪ್ರಿಸ್ಕಿಲ್ಲ ಮತ್ತು ಅಕ್ವಿಲರು ಗುಡಾರ ಹೊಲಿಯುವ ಕಸುಬಿನವರು. ಅವರು ಕೊರಿಂಥದಲ್ಲಿ ಪೌಲನಿಗೆ ಕೆಲಸವನ್ನೂ ಮನೆಯನ್ನೂ ಕೊಟ್ಟರು, ಎಫೆಸದಲ್ಲಿ ಅಪೊಲ್ಲೋಸನಿಗೆ ಬೋಧಿಸಿದರು. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ರೋಮಿಗೆ ಹೊರಟಾಗ, ಆಕೆಯನ್ನು ಬರಮಾಡಿಕೊಂಡು ಬೇಕಾದ ಸಹಾಯ ಮಾಡಿರಿ ಎಂದು ಪೌಲನು ಶಿಫಾರಸು ಬರೆದನು.

ನೀವೂ ಬರೆಯಿರಿ. ಹೊರಡುವ ಕುಟುಂಬಕ್ಕೆ ಸಭಾಪಾಲಕರ ಸಹಿಯುಳ್ಳ ಒಂದು ಪತ್ರ, ಹೋಗುವ ಊರಿನಲ್ಲಿ ಕನ್ನಡ ಆರಾಧನೆ ಇರುವ ಸಭೆಯೊಂದರ ವಿಳಾಸ, ಅಲ್ಲಿನ ಹಿರಿಯರಿಗೆ ಮುಂಚಿತವಾಗಿ ಒಂದು ಫೋನು. ಊರಲ್ಲಿ ಉಳಿದ ಅಜ್ಜಿ ಮೊಮ್ಮಕ್ಕಳನ್ನು ವಾರಕ್ಕೊಮ್ಮೆ ಯಾರು ನೋಡಿಬರಬೇಕೆಂದು ಹೆಸರು ಹಿಡಿದು ಗೊತ್ತುಮಾಡಿರಿ. ದುಡಿಮೆಯ ಜಾಗದಲ್ಲಿ ಕೂಲಿ ತಡೆದರೆ, ಅಪಘಾತವಾದರೆ ಯಾರಿಗೆ ಫೋನು ಮಾಡಬೇಕೆಂಬುದನ್ನು ಅದೇ ಪತ್ರದ ಹಿಂಬದಿಯಲ್ಲಿ ಬರೆದುಕೊಡಿರಿ.

10. ಬಿಟ್ಟುಹೋದವರು ತಿರುಗಿ ಬಂದಾಗ

ಕ್ರಿ.ಶ. 250 ರಲ್ಲಿ ಚಕ್ರವರ್ತಿ ದೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದನು. ಎಷ್ಟೋ ವಿಶ್ವಾಸಿಗಳು ಅಂಜಿ ಬಲಿ ಕೊಟ್ಟರು, ಕೆಲವರು ಹಣ ತೆತ್ತು ಪತ್ರವನ್ನಷ್ಟೇ ಮಾಡಿಸಿಕೊಂಡರು. ಹಿಂಸೆ ತಗ್ಗಿದ ಮೇಲೆ ಅವರು ತಿರುಗಿ ಬಂದು ಬಾಗಿಲಲ್ಲಿ ನಿಂತರು. ಅವರನ್ನು ಎಂದೆಂದಿಗೂ ಸೇರಿಸಬಾರದೆಂದು ಒಂದು ಗುಂಪು, ಏನನ್ನೂ ಕೇಳದೆ ಸೇರಿಸಬೇಕೆಂದು ಇನ್ನೊಂದು ಗುಂಪು ಹಟ ಹಿಡಿಯಿತು. 251 ರಲ್ಲಿ ಸಿಪ್ರಿಯನ್ ಮತ್ತು ಆಫ್ರಿಕದ ಬಿಷಪರು ಕಾರ್ಥೇಜಿನಲ್ಲಿ ಕೂಡಿ, ಪ್ರತಿಯೊಬ್ಬರ ಸಂಗತಿಯನ್ನು ಬೇರೆ ಬೇರೆಯಾಗಿ ವಿಚಾರಿಸಿ, ಪಶ್ಚಾತ್ತಾಪದ ಅವಧಿಯ ನಂತರ ಸೇರಿಸಿಕೊಳ್ಳುವ ದಾರಿಯನ್ನು ಒಪ್ಪಿದರು.

ನಿಮ್ಮ ಊರಿನಲ್ಲಿಯೂ ಕುಡಿತಕ್ಕೆ ಬಿದ್ದು ದೂರವಾದವರು, ಮದುವೆಯ ವಿಷಯಕ್ಕೆ ಮುನಿದವರು, ಅಂಜಿಕೆಯಿಂದಲೋ ಅವಮಾನದಿಂದಲೋ ಬರುವುದನ್ನು ಬಿಟ್ಟವರು ಇರುತ್ತಾರೆ. ಅಂಥವರು ತಿರುಗಿ ಬಂದರೆ ಎಲ್ಲರ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಬೇಡಿರಿ. ಸಭೆಯ ಒಬ್ಬ ಹಿರಿಯರು ಅವರ ಜೊತೆ ಕೆಲವು ತಿಂಗಳು ವಾರಕ್ಕೊಮ್ಮೆ ಕೂಡಲಿ. ನಡೆದದ್ದನ್ನು ಕೇಳಲಿ, ತಿದ್ದಬೇಕಾದದ್ದನ್ನು ತಿದ್ದಲು ಜೊತೆಗೆ ಹೋಗಲಿ, ಕುಡಿತವಿದ್ದರೆ ವೈದ್ಯರ ಬಳಿಗೂ ಕರೆದೊಯ್ಯಲಿ. ಪರಿಶುದ್ಧ ಭೋಜನಕ್ಕೆ ಅವರನ್ನು ಯಾವಾಗ ಕರೆಯಬೇಕೆಂಬುದನ್ನು ಸಭಾಪಾಲಕರು ತೀರ್ಮಾನಿಸುತ್ತಾರೆ. ತಿಂಗಳ ಊಟದ ಸಾಲಿಗೆ ಮಾತ್ರ ಅವರನ್ನು ಮೊದಲ ದಿನವೇ ಕೂಡಿಸಿರಿ.